ಕಲ್ಲುಹಾದಿಯ ಸೈಕಲ್ ಪಂದ್ಯ ಮತ್ತು ಅದರ ಪ್ರೇಕ್ಷಕರು

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಓದುಗರಿಗೆ ಕಲ್ಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರ ನಡುವೆ ಕಲ್ಲಿನ ಗುಡ್ಡ, ಅದರ ಮೇಲೆ ಕಲ್ಲಿನ ಕೋಟೆ, ಜಾತ್ರೆಯಲ್ಲಿ ಕಲ್ಲು ಎಳೆಯುವ ಎತ್ತುಗಳು. ಆದರೆ ಕಲ್ಲು ಹಾಸಿದ ಹಾದಿಯ ಮೇಲೆ ಸೈಕಲ್ ಓಡಿಸಿ, ಅದನ್ನೊಂದು ಪಂದ್ಯ ಎಂದು ಕರೆದು, ಅದನ್ನು ನೋಡಲು ಲಕ್ಷಾಂತರ ಜನ ಹೊಲದ ಬದುಗಳಲ್ಲಿ ನಿಲ್ಲುವುದೆಂದರೆ ನಮಗೂ ಸ್ವಲ್ಪ ವಿಚಿತ್ರವೆನಿಸೀತು. ಇಂದು ಆ ಪಂದ್ಯದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ನೋಡುವವರ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳುತ್ತೇನೆ.

ಪಂದ್ಯದ ಹೆಸರು ಪ್ಯಾರಿಸ್–ರೂಬೆ. ರೂಬೆ ಎಂಬುದು ಫ್ರಾನ್ಸಿನ ಉತ್ತರ ತುದಿಯಲ್ಲಿ, ಬೆಲ್ಜಿಯಂ ಗಡಿಗೆ ಅಂಟಿಕೊಂಡಿರುವ ಊರು. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವಂತೆ ಅಲ್ಲಿ ಒಂದು ಕಾಲಕ್ಕೆ ಉಣ್ಣೆಯ ಗಿರಣಿಗಳೇ ಊರಿನ ಉಸಿರು. ತೆಯೊಡೋರ್ ವಿಯೆನ್ ಮತ್ತು ಮೊರಿಸ್ ಪೆರೆಝ್ ಎಂಬ ಇಬ್ಬರು ಗಿರಣಿ ಮಾಲೀಕರು ತಮ್ಮ ಊರಿನಲ್ಲಿ ಸೈಕಲ್ ಓಟದ ಕಣ ಕಟ್ಟಿಸಿ, ಅದಕ್ಕೆ ಹೆಸರು ಬರಲೆಂದು 1896ರಲ್ಲಿ ಈ ಪಂದ್ಯ ಆರಂಭಿಸಿದರು. ಮೊದಲು ಗೆದ್ದವನು ಜರ್ಮನಿಯ ಯೋಸೆಫ್ ಫಿಷರ್. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಹಾದಿ ಉಳಿದಿದೆಯೇ ಎಂದು ನೋಡಲು ಹೋದವರಿಗೆ ಕಂಡದ್ದು ಬಾಂಬಿನ ಗುಂಡಿಗಳು, ಸುಟ್ಟ ಮರಗಳು, ನೆಲಸಮವಾದ ಊರುಗಳು. 'ಉತ್ತರದ ನರಕ' ಎಂಬ ಹೆಸರು ಅಂಟಿದ್ದು ಆಗ. ಈಗ ಆ ಹೆಸರನ್ನು ಕಲ್ಲುಗಳಿಗಾಗಿ ಬಳಸುತ್ತಾರೆ. ಮೂಲದಲ್ಲಿ ಅದು ಯುದ್ಧದ ಹೆಸರು ಎಂಬುದನ್ನು ಮರೆಯಬಾರದು.

ಪಂದ್ಯ ಒಂದೇ ದಿನದ್ದು. ಸುಮಾರು 260 ಕಿಲೋಮೀಟರ್. ಅದರಲ್ಲಿ ಸುಮಾರು 55 ಕಿಲೋಮೀಟರ್ ಕಲ್ಲುಹಾಸಿನ ಹಾದಿ, ಅದೂ ಮೂವತ್ತರಷ್ಟು ತುಂಡುಗಳಾಗಿ. 1977ರಿಂದ ಪ್ಯಾರಿಸ್ಸಿನ ಉತ್ತರಕ್ಕಿರುವ ಕೊಂಪಿಯೆನ್ ಎಂಬಲ್ಲಿಂದ ಹೊರಡುತ್ತಾರೆ. ಗೆದ್ದವನಿಗೆ ಕೊಡುವ ಬಹುಮಾನವೂ ಪೀಠದ ಮೇಲೆ ಕೂರಿಸಿದ ಒಂದು ಕಲ್ಲೇ!

ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಈ ಪಂದ್ಯದಲ್ಲಿ ವಿಶೇಷ ಕುತೂಹಲ ಹುಟ್ಟಿಸಿದ್ದು ಒಂದು ಸಂಗತಿ. ಟೆಲಿವಿಷನ್ನಿನಲ್ಲಿ ನೇರಪ್ರಸಾರ ಆರಂಭವಾದಾಗ ಹಾದಿಯ ಊರುಗಳ ಮೇಯರುಗಳಿಗೆ ನಾಚಿಕೆಯಾಯಿತಂತೆ. ಇಡೀ ದೇಶ ನೋಡುತ್ತಿರುವಾಗ ನಮ್ಮೂರಿನ ರಸ್ತೆ ಇನ್ನೂ ಕಲ್ಲಿನದ್ದು ಎಂದು ಗೊತ್ತಾದರೆ ಹಿಂದುಳಿದವರು ಎನ್ನುವುದಿಲ್ಲವೇ? ಸರಿ, ಒಬ್ಬರ ಹಿಂದೊಬ್ಬರು ಡಾಂಬರು ಹಾಕಿಸಿದರು. ನರಕ ನುಣ್ಣಗಾಗತೊಡಗಿತು. ಪಂದ್ಯ ನಡೆಸುವವರು ಕಂಗಾಲಾಗಿ ಹೊಲದಾಚೆಯ ಹಳೆಯ ಗಾಡಿದಾರಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಅರೆನ್‌ಬರ್ಗ್ ಕಾಡಿನ ನೇರ ಹಾದಿ, ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದದ್ದು, 1968ರಲ್ಲಿ ಪಂದ್ಯಕ್ಕೆ ಸೇರಿದ್ದು ಹೀಗೆ. ಅದನ್ನು ತೋರಿಸಿಕೊಟ್ಟವನು ಝಾನ್ ಸ್ಟಾಬ್ಲಿನ್ಸ್ಕಿ ಎಂಬ ಸೈಕಲ್ ಪಟು. ಅವನು ಹುಡುಗನಾಗಿದ್ದಾಗ ಅದೇ ಕಾಡಿನ ಕೆಳಗಿನ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಗಣಿ ಜಿಲ್ಲೆಯವರಾದ ನಮಗೆ ಆ ಸಂಬಂಧ ಬಿಡಿಸಿ ಹೇಳಬೇಕಾಗಿಲ್ಲ.

ಕಾಲ ತಿರುಗಿತು ನೋಡಿ. ಯಾವ ಕ್ಯಾಮೆರಾಕ್ಕೆ ನಾಚಿ ಕಲ್ಲು ಮುಚ್ಚಿದರೋ ಅದೇ ಕ್ಯಾಮೆರಾ ಆ ಕಲ್ಲುಗಳಿಗೆ ಜಗತ್ತಿನಲ್ಲೆಲ್ಲ ಹೆಸರು ತಂದಿತು. ಈಗ ಉಳಿದ ಹಾದಿಗಳನ್ನು ಕಾಯುವುದಕ್ಕೆಂದೇ ಅಭಿಮಾನಿಗಳ ಒಂದು ಸಂಘವಿದೆ. ಮಂಡಿಯೂರಿ ಕುಳಿತು, ಎದ್ದ ಕಲ್ಲನ್ನು ಮತ್ತೆ ಕೂರಿಸಿ, ಸಂದಿಗೆ ಮರಳು ತುಂಬುತ್ತಾರೆ. ಪ್ರೇಕ್ಷಕ ಎಂದರೆ ಚಪ್ಪಾಳೆ ತಟ್ಟುವವನು ಮಾತ್ರ ಎಂದುಕೊಂಡವರು ಇವರನ್ನು ನೋಡಬೇಕು.

ವಿಜ್ಞಾನ ಓದಿದವನ ಚಪಲ, ಒಂದು ಲೆಕ್ಕ ಹೇಳಿಬಿಡುತ್ತೇನೆ. ಸವಾರ ಮತ್ತು ಸೈಕಲ್ ಸೇರಿ 84 ಕಿಲೋ ಎನ್ನಿ. ಒಂದು ಚಕ್ರದ ಪಾಲು 42. ಟೈರಿನಲ್ಲಿ ಚದರ ಸೆಂಟಿಮೀಟರಿಗೆ 7 ಕಿಲೋ ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 6 ಚದರ ಸೆಂಟಿಮೀಟರ್. ಗಾಳಿಯನ್ನು 4ಕ್ಕೆ ಇಳಿಸಿದರೆ ಅದು ಹತ್ತೂವರೆ ಆಗುತ್ತದೆ. ಗಾಳಿ ಬಿಗಿಯಾಗಿದ್ದಷ್ಟೂ ವೇಗ ಹೆಚ್ಚು ಎಂದು ನಾವೆಲ್ಲ ಸೈಕಲ್ ಶಾಪಿನಲ್ಲಿ ಕಲಿತದ್ದು. ನುಣುಪಾದ ರಸ್ತೆಯಲ್ಲಿ ಅದು ಒಂದು ಮಟ್ಟಿಗೆ ನಿಜ. ಕಲ್ಲಿನ ಮೇಲೆ ಬಿಗಿಯಾದ ಟೈರು ಪುಟಿಯುತ್ತದೆ. ಪ್ರತಿ ಪುಟಿತದಲ್ಲೂ ಸವಾರನ ಶಕ್ತಿ ಅವನ ಮೈ ನಡುಗಿಸುವುದರಲ್ಲೇ ಖರ್ಚಾಗುತ್ತದೆ. ಮೆತ್ತಗಿನ, ಅಗಲವಾದ ಟೈರು ಕಲ್ಲನ್ನು ನುಂಗಿಕೊಂಡು ಹೋಗುತ್ತದೆ. ಗಾಳಿ ತೀರ ಇಳಿಸಿದರೆ ಕಲ್ಲಿನ ಅಂಚಿಗೆ ಚಕ್ರದ ರಿಮ್ಮೇ ಬಡಿದು ಪಂಕ್ಚರ್. ಈ ನಡುವಿನ ಹದ ಹುಡುಕುವುದರಲ್ಲೇ ತಂಡಗಳ ಅರ್ಧ ಬುದ್ಧಿ ವೆಚ್ಚವಾಗುತ್ತದೆ. 2024ರಲ್ಲಿ ಗೆದ್ದವನ ಸರಾಸರಿ ವೇಗ ಗಂಟೆಗೆ 47.8 ಕಿಲೋಮೀಟರ್. ಆ ಕಲ್ಲುಗಳ ಮೇಲೆ!

ಇನ್ನು 2016ರ ಪಂದ್ಯದ ಮಾತು. ಬೆಲ್ಜಿಯಂನ ಟಾಮ್ ಬೋನನ್ ಆ ಹೊತ್ತಿಗೆ ನಾಲ್ಕು ಬಾರಿ ಗೆದ್ದಿದ್ದ. ಐದನೆಯದನ್ನು ಗೆದ್ದರೆ ಇತಿಹಾಸದಲ್ಲಿ ಅವನೊಬ್ಬನೇ. ಜನರ ಆಸೆಯೆಲ್ಲ ಅವನ ಮೇಲೆ. ಆಸ್ಟ್ರೇಲಿಯದ ಮ್ಯಾಥ್ಯೂ ಹೇಮನ್‌ಗೆ ಆಗ 37 ವರ್ಷ. ಬೇರೆಯವರ ಗೆಲುವಿಗಾಗಿ ದುಡಿದೇ ವೃತ್ತಿ ಕಳೆದವನು. ಆರು ವಾರಗಳ ಹಿಂದಷ್ಟೇ ಬಿದ್ದು ಕೈಯ ಮೂಳೆ ಮುರಿದುಕೊಂಡು, ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ತಯಾರಿ ಮಾಡಿದ್ದ. ಅದು ಅವನ ಹದಿನೈದನೆಯ ಪ್ಯಾರಿಸ್–ರೂಬೆ. ಕೊನೆಗೆ ಐವರು ರೂಬೆಯ ಕಣದಲ್ಲಿ ಗೆಲುವಿಗೆ ಹೋರಾಡಿದರು. ಹೇಮನ್ ಮುಂದಿನಿಂದಲೇ ಓಟ ಹಿಡಿದ, ಬೋನನ್‌ಗೆ ದಾಟಲಾಗಲಿಲ್ಲ. ಗೆರೆ ದಾಟಿದ ಮೇಲೆ ಹೇಮನ್ನನ ಮುಖ ನೋಡಬೇಕಿತ್ತು, ಗೆದ್ದದ್ದು ಅವನಿಗೇ ನಂಬಿಕೆಯಿಲ್ಲ.

ಈ ದೃಶ್ಯವನ್ನು ಸಿರುಗುಪ್ಪದ ನಮ್ಮ ಸೋದರಮಾವನಿಗೆ ಒಮ್ಮೆ ತೋರಿಸಿದೆ. ಭತ್ತದ ಗದ್ದೆಯ ಮನುಷ್ಯ. ವಯಸ್ಸಿನಲ್ಲಿ ಕಲ್ಲು ಎಳೆಯುವ ಸ್ಪರ್ಧೆಗೆ ಎತ್ತು ಕಟ್ಟಿದವರು. "ಏನಪ್ಪಾ, ಇವರಿಗೆ ನೆಟ್ಟಗಿನ ರಸ್ತೆ ಸಿಗಲಿಲ್ಲೇನು?" ಎಂದು ನಕ್ಕವರು ಕೊನೆಯ ಸುತ್ತಿನ ಹೊತ್ತಿಗೆ ಮಂಚದ ತುದಿಗೆ ಬಂದಿದ್ದರು. ಮುಗಿದ ಮೇಲೆ ಅವರು ಕೇಳಿದ್ದು ಗೆದ್ದವನ ಬಗ್ಗೆ ಅಲ್ಲ. "ಆ ಸೋತಾನಲ್ಲ, ಅವನ ಮಾರಿ ಇನ್ನೊಮ್ಮೆ ತೋರ್ಸು." ಬೋನನ್ ಹೇಮನ್ನನ್ನು ಅಭಿನಂದಿಸುವುದನ್ನು ನೋಡಿ, "ದೊಡ್ಡ ಮನುಷ್ಯ ಅದಾನ" ಎಂದರು. ಕಲ್ಲು ಎಳೆಯುವ ಕಣದಲ್ಲಿ ಅವರು ಎಷ್ಟೋ ಸಲ ಒಂದೆರಡು ಅಡಿಯಿಂದ ಸೋತವರು ಎಂಬುದು ನನಗೆ ಆಮೇಲೆ ನೆನಪಾಯಿತು. ಬೋನನ್ ಮರುವರ್ಷ ಇದೇ ಪಂದ್ಯ ಓಡಿ ನಿವೃತ್ತನಾದ. ಐದನೆಯ ಕಲ್ಲು ಸಿಗಲಿಲ್ಲ.

ಪ್ರೇಕ್ಷಕರೆಲ್ಲ ನಮ್ಮ ಮಾವನಂತಿರುವುದಿಲ್ಲ. 2024ರಲ್ಲಿ ನೆದರ್ಲೆಂಡ್ಸಿನ ಮಥಿಯು ವಾನ್ ಡರ್ ಪೂಲ್ ಒಬ್ಬನೇ ಮುಂದಿದ್ದಾಗ ಹಾದಿಬದಿಯಿಂದ ಯಾರೋ ಅವನ ಚಕ್ರದ ಕಡೆಗೆ ಟೋಪಿ ಎಸೆದರು. 2025ರಲ್ಲಿ ಇನ್ನೂ ಕೆಟ್ಟದ್ದು. ಅವನೊಡನೆ ಪೈಪೋಟಿಯಲ್ಲಿದ್ದ ಸ್ಲೊವೇನಿಯದ ತಾದೇಯ್ ಪೊಗಾಚಾರ್ ಸುಮಾರು 38 ಕಿಲೋಮೀಟರ್ ಉಳಿದಿರುವಾಗ ತಿರುವಿನಲ್ಲಿ ಬಿದ್ದು ಹಿಂದುಳಿದ. ಆಮೇಲೆ ಒಂಟಿಯಾಗಿ ಹೋಗುತ್ತಿದ್ದ ವಾನ್ ಡರ್ ಪೂಲ್‌ನ ಮುಖಕ್ಕೆ ಒಬ್ಬ ನೀರಿನ ಬಾಟಲಿ ಬೀಸಿದ. ಆ ವೇಗದಲ್ಲಿ, ಕಲ್ಲಿನ ಮೇಲೆ, ಕೈ ಜಾರಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಅದೃಷ್ಟಕ್ಕೆ ಬೀಳಲಿಲ್ಲ, ಸತತ ಮೂರನೆಯ ಬಾರಿ ಗೆದ್ದ. ಎಸೆದವನು ಬಳಿಕ ಬೆಲ್ಜಿಯಂನಲ್ಲಿ ತಾನಾಗಿಯೇ ಪೊಲೀಸರೆದುರು ಹಾಜರಾದ.

ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು ಎಳೆಯುವಾಗ ನಾವೂ ಎಸೆಯುತ್ತೇವೆ, ಬಾಳೆಹಣ್ಣು, ಉತ್ತತ್ತಿ. ಅದು ಹರಕೆ. ಆದರೆ ಅಲ್ಲಿಯೂ ತೇರಿನ ಗಾಲಿಗೆ ಸನ್ನೆಗೋಲು ಕೊಡುವವರ ದಾರಿಗೆ ಅಡ್ಡ ನಿಂತವನನ್ನು ಯಾರೂ ಭಕ್ತ ಎನ್ನುವುದಿಲ್ಲ, ರಟ್ಟೆ ಹಿಡಿದು ಆಚೆಗೆ ಎಳೆಯುತ್ತಾರೆ. ರೂಬೆಯ ಹೊಲಗಳಲ್ಲಿ ಹಾಗೆ ಎಳೆಯುವವರು ಎಲ್ಲ ಕಡೆ ಇರುವುದಿಲ್ಲ. ಐವತ್ತು ಕಿಲೋಮೀಟರಿಗೂ ಬೇಲಿ ಹಾಕಲಾಗದು. ಅರೆನ್‌ಬರ್ಗ್ ಕಾಡಿನಲ್ಲಿ ಹಾಕಿದ್ದಾರೆ. ಉಳಿದೆಡೆ ಸವಾರನಿಗೂ ಜನರಿಗೂ ನಡುವೆ ಒಂದು ಮೊಳ. ಟಿಕೆಟ್ಟಿಲ್ಲದೆ, ಕೈಗೆಟಕುವಷ್ಟು ಹತ್ತಿರದಲ್ಲಿ ನೋಡಬಹುದಾದ ಆಟ ಇದು. ಒಬ್ಬನ ಕೈಯಿಂದಾಗಿ ಆ ಹತ್ತಿರ ಹೋಗಿಬಿಡುವುದೇ ಎಂಬ ಭಯ ನಿಜವಾದ ಅಭಿಮಾನಿಗಳಿಗೆ ಇದೆ.

ಮಹಿಳೆಯರ ಪ್ಯಾರಿಸ್–ರೂಬೆ ಮೊದಲು ನಡೆದದ್ದು 2021ರ ಅಕ್ಟೋಬರ್ 2ರಂದು, 125 ವರ್ಷ ತಡವಾಗಿ. ಇಂಗ್ಲೆಂಡಿನ ಲಿಜ್ಜಿ ಡೈನನ್ ಎಂಬತ್ತಕ್ಕೂ ಹೆಚ್ಚು ಕಿಲೋಮೀಟರ್ ಒಬ್ಬಳೇ ಓಡಿ ಗೆದ್ದಳು. ಅವಳ ಹ್ಯಾಂಡಲ್ಲಿನ ಪಟ್ಟಿಯ ಮೇಲೆ ರಕ್ತದ ಕಲೆಯಿತ್ತು. ಕಲ್ಲಿನ ಅದುರಿಗೆ ಅಂಗೈ ಒಡೆದಿತ್ತು. ವಿಜಯಪುರ, ಬಾಗಲಕೋಟೆ ಕಡೆ ಬೆಳಗಿನ ಜಾವ ರಸ್ತೆಯಲ್ಲಿ ಸೈಕಲ್ ಅಭ್ಯಾಸ ಮಾಡುವ ನಮ್ಮ ಹುಡುಗಿಯರಿಗೆ ಆ ಚಿತ್ರವನ್ನು ತೋರಿಸಬೇಕು.

ಪಂದ್ಯ ಸಾಮಾನ್ಯವಾಗಿ ಏಪ್ರಿಲ್‌ನ ಒಂದು ಭಾನುವಾರ. ಬಳ್ಳಾರಿಯಲ್ಲಿ ಬಿಸಿಲು ಇಳಿದು, ಗುಡ್ಡದ ಕಲ್ಲು ಇನ್ನೂ ಕಾವು ಬಿಡುತ್ತಿರುವ ರಾತ್ರಿ ಎಂಟರ ಹೊತ್ತಿಗೆ ಅಲ್ಲಿ ಕಣದೊಳಗೆ ಮೊದಲ ಸವಾರ ಬರುತ್ತಾನೆ. ಅವನೊಬ್ಬನನ್ನೇ ನೋಡಿ ಎದ್ದುಬಿಡಬೇಡಿ. ಅರ್ಧ ಗಂಟೆಯ ನಂತರವೂ ಧೂಳು ಮೆತ್ತಿಕೊಂಡ ಮುಖಗಳು ಒಂದೊಂದೇ ಒಳಗೆ ಬರುತ್ತಿರುತ್ತವೆ, ಕಾದು ಕುಳಿತವರು ಅವರಿಗೂ ಚಪ್ಪಾಳೆ ತಟ್ಟುತ್ತಿರುತ್ತಾರೆ.