ಬೈನಾಕ್ಯುಲರ್ ಕಣ್ಣಲ್ಲಿ, ಕೈ ಮಾತ್ರ ಜೇಬಲ್ಲಿ

ಇವತ್ತು ನನ್ನದೇ ಕಥೆ ಹೇಳ್ತೀನಿ. ಬಸ್ಸಲ್ಲಿ ನಿಂತು ಕೇಳ್ತಾ ಇದ್ದರೆ, ಮಧ್ಯೆ ಗಮನ ಎಲ್ಲೋ ಹೋದರೆ, ಬೇಜಾರಿಲ್ಲ. ಇವತ್ತಿನ ವಿಷಯವೇ ಅದು.

ನನಗೆ ಹಕ್ಕಿ ನೋಡೋ ಹುಚ್ಚು. ಕೆಲಸಕ್ಕೆ ಅಂತ ಮೈಸೂರಿಗೆ ಬಂದ ಮೇಲೆ ಅಂಟಿಕೊಂಡಿದ್ದು. ಭಾನುವಾರ ಬೆಳಗ್ಗೆ ಆರೂವರೆಗೆಲ್ಲ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇರ್ತಿದ್ದೆ. ಹೆಜ್ಜಾರ್ಲೆ, ನೀರುಕಾಗೆ, ಕತ್ತು ಮಾತ್ರ ಮೇಲೆತ್ತಿ ಈಜೋ ಹಾವಕ್ಕಿ. ಇವೆಲ್ಲಕ್ಕಿಂತ ನನಗೆ ಇಷ್ಟ ಕಪ್ಪು-ಬಿಳಿ ಮಿಂಚುಳ್ಳಿ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡೀತಾ ಗಾಳಿಯಲ್ಲಿ ನಿಲ್ಲುತ್ತೆ, ಆಮೇಲೆ ಕಲ್ಲು ಎಸೆದ ಹಾಗೆ ಸೀದಾ ನೀರಿಗೆ. ಆ ನಿಲ್ಲೋದು ಕೆಲವೇ ಸೆಕೆಂಡು. ನೋಡಬೇಕು ಅಂದರೆ ಆ ಸೆಕೆಂಡಲ್ಲಿ ನೀವು ಅಲ್ಲಿರಬೇಕು. ದೇಹ ಅಲ್ಲ, ಮನಸ್ಸು.

ಒಂದು ಭಾನುವಾರ ಫೋನ್ ಸೈಲೆಂಟಿಗೆ ಹಾಕಿದ್ದೆ. ಎರಡು ಗಂಟೆ ಕಳೆದು ತೆಗೆದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ಎಲ್ಲ ಅರಸೀಕೆರೆಯಿಂದ, ಮನೆಯಿಂದ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಪಕ್ಕದ ಮನೆಯವರ ಕಾರಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಸ್ಟೆಂಟ್ ಹಾಕಿದರು, ಅಪ್ಪ ಉಳಿದರು. ಈಗ ಚೆನ್ನಾಗಿದ್ದಾರೆ, ಉಪ್ಪಿನಕಾಯಿ ಕದ್ದು ತಿನ್ನೋವಷ್ಟು ಚೆನ್ನಾಗಿದ್ದಾರೆ.

ಕೆಟ್ಟಿದ್ದು ನಾನು. ತಿಂಗಳು ಬಿಟ್ಟು ಕೆರೆಗೆ ಹೋದೆ. ಬೈನಾಕ್ಯುಲರ್ ಕಣ್ಣಿಗೆ ಇಡ್ತೀನಿ, ಎಡಗೈ ಜೇಬಿಗೆ ಹೋಗುತ್ತೆ. ಫೋನ್ ತೆಗೀತೀನಿ, ಏನೂ ಇಲ್ಲ. ಮತ್ತೆ ಬೈನಾಕ್ಯುಲರ್, ಮತ್ತೆ ಜೇಬು. ವೈಬ್ರೇಟ್ ಆಗದೇ ಇದ್ದರೂ ಆದ ಹಾಗನ್ನಿಸೋದು. 'ನೀನಿಲ್ಲಿ ಹಕ್ಕಿ ನೋಡ್ತಾ ಇದ್ದೀಯ, ಅಲ್ಲಿ ಏನಾಗ್ತಾ ಇದೆಯೋ' ಅಂತ ಒಳಗೊಬ್ಬ ಕೂತು ಹೇಳ್ತಾನೇ ಇರ್ತಿದ್ದ. ಅರ್ಧ ಗಂಟೆಗೇ ಮನೆಗೆ ಬಂದುಬಿಟ್ಟೆ. ಮುಂದಿನ ವಾರ ಹೋಗಲಿಲ್ಲ. ಪುಸ್ತಕ ಹಿಡಿದರೂ ಅದೇ ಕಥೆ. ತೇಜಸ್ವಿಯವರ 'ಮಿಂಚುಳ್ಳಿ'ಯಲ್ಲಿ ಒಂದೇ ಪುಟವನ್ನು ಎಷ್ಟು ಸಲ ಓದಿದೆನೋ, ಒಂದಕ್ಷರ ತಲೆಗೆ ಇಳಿಯಲಿಲ್ಲ.

ಇದಕ್ಕಿಂತ ನೋವು ಕೊಟ್ಟಿದ್ದು ಅದರ ಮೇಲೆ ಬಂದ ಇನ್ನೊಂದು ಯೋಚನೆ: ನನಗೆ ಹಕ್ಕಿ ಇಷ್ಟವೇ ಇರಲಿಲ್ಲವೇನೋ, ಎಲ್ಲ ಬರೀ ಶೋಕಿಯೇನೋ. ಇಷ್ಟ ಇದ್ದಿದ್ದರೆ ಗಮನ ಹೋಗ್ತಿತ್ತಾ? ಈ ಪ್ರಶ್ನೆಯೂ ಆತಂಕದ್ದೇ, ಬೇರೆ ಅಂಗಿ ಹಾಕ್ಕೊಂಡು ಬಂದಿದೆ ಅಷ್ಟೆ ಅಂತ ಗೊತ್ತಾಗೋಕೆ ನನಗೆ ಬಹಳ ದಿನ ಬೇಕಾಯ್ತು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. 'ಯೋಚನೆ ಮಾಡಬಾರದು' ಅಂತ ಹಠ ಹಿಡಿದೆ. ನಮ್ಮಲ್ಲಿ ಹಳೇ ಕಥೆ ಇದೆಯಲ್ಲ, ಔಷಧಿ ಕುಡಿಯುವಾಗ ಕೋತಿ ನೆನೆಸಿಕೊಳ್ಳಬೇಡ ಅಂತ ವೈದ್ಯ ಹೇಳಿದ್ದು. ಅದಕ್ಕೆ ಮುಂಚೆ ಆ ರೋಗಿಗೆ ಒಂದು ದಿನವೂ ಕೋತಿ ನೆನಪಾಗಿರಲ್ಲ! 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಇದನ್ನೇ ಪ್ರಯೋಗ ಮಾಡಿ ನೋಡಿದರು. ಕೋತಿ ಬದಲು ಬಿಳಿ ಕರಡಿ. ಐದು ನಿಮಿಷ ಅದರ ಬಗ್ಗೆ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸ್ತಾನೇ ಇತ್ತು. ನಮ್ಮಜ್ಜಿಯನ್ನ ಕೇಳಿದ್ದರೆ ಕರಡಿ ಖರ್ಚು ಉಳೀತಿತ್ತು.

ಕೊನೆಗೆ ಒಬ್ಬರು ಆಪ್ತಸಮಾಲೋಚಕರ ಹತ್ತಿರ ಹೋದೆ. ಅವರು ಹೇಳಿದ್ದು ಎರಡು ವಿಷಯ. ಒಂದು, ಆ ಹೊತ್ತಿಗೆ ಬೇಕಾದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳೋ ಜಾಗ, ವರ್ಕಿಂಗ್ ಮೆಮೊರಿ ಅಂತಾರಲ್ಲ, ಅದು ತುಂಬಾ ಚಿಕ್ಕದು. ಚಿಂತೆ ಅಲ್ಲಿ ಕೂತುಬಿಟ್ಟರೆ ಹಕ್ಕಿಗೆ ಜಾಗ ಇರಲ್ಲ. ಪ್ರೀತಿ ಎಲ್ಲೂ ಹೋಗಿರಲ್ಲ, ಸೀಟ್ ಸಿಕ್ಕಿರಲ್ಲ. ಎರಡನೆಯದು, ಚಿಂತೆಯನ್ನು ಓಡಿಸಬೇಡಿ, ಅದಕ್ಕೊಂದು ಟೈಮ್ ಕೊಡಿ. ಥಾಮಸ್ ಬೋರ್ಕೊವೆಕ್ ಅನ್ನೋ ಸಂಶೋಧಕ ಮತ್ತು ಜೊತೆಗಾರರು 1983ರಲ್ಲೇ ಬರೆದಿದ್ದ ವಿಧಾನ ಅದು: ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ, ಅಲ್ಲಿ ಕೂತು ಚಿಂತೆ ಮಾಡೋದು. ಬೇರೆ ಹೊತ್ತಲ್ಲಿ ಬಂದರೆ ಆಗ ನೋಡೋಣ ಅಂತ ಮುಂದಕ್ಕೆ ಹಾಕೋದು.

ಕೇಳಿದಾಗ ನಗು ಬಂತು. ಚಿಂತೆಗೂ ಅಪಾಯಿಂಟ್‌ಮೆಂಟಾ? ಆದರೂ ಸಂಜೆ ಏಳಕ್ಕೆ ಅಡುಗೆಮನೆ ಸ್ಟೂಲ್ ಮೇಲೆ ನೋಟ್‌ಬುಕ್ ಹಿಡಿದು ಕೂತೆ. 'ಅಪ್ಪನಿಗೆ ಮತ್ತೆ ಆದರೆ?' ಬರೆದೆ. 'ನಾನು ಫೋನ್ ಎತ್ತದೇ ಇದ್ದರೆ?' ಬರೆದೆ. ಅದನ್ನು ಬರೆದ ಮೇಲೇ ಹೊಳೆದಿದ್ದು, ಮಾಡಬಹುದಾದ ಕೆಲಸ ಒಂದಿದೆ ಅಂತ. ಅಮ್ಮನ ನಂಬರ್ ಮಾತ್ರ ಸೈಲೆಂಟಲ್ಲೂ ರಿಂಗ್ ಆಗೋ ಹಾಗೆ ಸೆಟ್ಟಿಂಗ್ಸ್ ಬದಲಿಸಿದೆ. ಪಕ್ಕದ ಮನೆಯವರ ನಂಬರ್ ಸೇವ್ ಮಾಡಿಕೊಂಡೆ. ಎರಡು ನಿಮಿಷದ ಕೆಲಸ. ಅಷ್ಟು ದಿನ ಹೆದರ್ತಾ ಕೂತಿದ್ದೆನೇ ಹೊರತು ಇದನ್ನು ಮಾಡಿರಲಿಲ್ಲ ನೋಡಿ.

ಉಳಿದ ಪ್ರಶ್ನೆಗೆ ಸೆಟ್ಟಿಂಗ್ಸ್ ಇಲ್ಲ. ಅಪ್ಪನಿಗೆ ವಯಸ್ಸಾಗ್ತಾ ಇದೆ. ಅದು ಹಾಗೇ ಇದೆ, ಏಳು ಗಂಟೆಗೆ ದಿನಾ ಬಂದು ಕೂರುತ್ತೆ.

ಕೆರೆಗೆ ಮತ್ತೆ ಹೋಗೋಕೆ ಶುರುಮಾಡಿದ್ದು ಹತ್ತು ನಿಮಿಷದಿಂದ. ಪಟ್ಟಿ ಬರೆಯಲ್ಲ, ಫೋಟೋ ಇಲ್ಲ, ಒಂದೇ ಒಂದು ಹಕ್ಕಿ ನೋಡಿ ಬರೋದು. ಕೆಲವು ವಾರ ಅದೂ ಆಗಲಿಲ್ಲ. ಹವ್ಯಾಸವನ್ನೇ ಔಷಧಿ ಅಂತ ಹೇಳೋರು ಇದ್ದಾರೆ, ನನಗೆ ಅದು ಅಷ್ಟು ಒಗ್ಗಲ್ಲ. ಹಕ್ಕಿ ನೋಡಿ ಸಮಾಧಾನ ಆಗಲೇಬೇಕು ಅಂತ ಹೋದರೆ ಅದೂ ಒಂದು ಪರೀಕ್ಷೆ ಆಗುತ್ತೆ.

ಒಂದು ಮಾತು. ನಿದ್ದೆ, ಊಟ, ಕೆಲಸ ಎಲ್ಲ ಕೆಟ್ಟು ವಾರಗಟ್ಟಲೆ ಆಗಿದ್ದರೆ ನೋಟ್‌ಬುಕ್ ಸಾಕಾಗಲ್ಲ. ಟೆಲಿ ಮಾನಸ್ ಅಂತ ಸರ್ಕಾರಿ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೋದ ಭಾನುವಾರ ಮಿಂಚುಳ್ಳಿ ಗಾಳಿಯಲ್ಲಿ ನಿಂತಿತ್ತು. ಆಗಲೇ ಜೇಬಲ್ಲಿ ಫೋನ್ ರಿಂಗ್ ಆಯ್ತು, ಅಮ್ಮನ ನಂಬರ್. ಎದೆ ಧಸಕ್ಕೆಂತು. ಎತ್ತಿದರೆ ಅಪ್ಪ. ಹಿತ್ತಲ ನುಗ್ಗೆ ಮರದಲ್ಲಿ ಜುಟ್ಟಿರೋ ಹಕ್ಕಿ ಕೂತಿದೆ, ಯಾವುದು ಅಂತ ಕೇಳೋಕೆ ಮಾಡಿದ್ದರು. ಪಿಕಳಾರ ಅಂದೆ. ಅಲ್ಲವೇ ಅಲ್ಲ ಅಂತ ವಾದ. ಮಿಂಚುಳ್ಳಿ ಯಾವಾಗ ನೀರಿಗೆ ಬಿತ್ತೋ ನೋಡಲೇ ಇಲ್ಲ.