ಮನೆಯ ಫ್ರಿಜ್ಜಿನ ತಾಳಿಕೆ ಬಾಳಿಕೆ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ತಾವು ಪಗಾರದ ಮಾತು ಕೇಳಿದ್ದೀರಿ, ಬೋನಸ್ಸಿನ ಮಾತು ಕೇಳಿದ್ದೀರಿ, ಮಕ್ಕಳ ವಿದ್ಯೆಯ ಮಾತನ್ನೂ ಕೇಳಿದ್ದೀರಿ. ಇವತ್ತು ಫ್ರಿಜ್ಜಿನ ಮಾತೇ ಎಂದು ಕೆಲವರಿಗೆ ನಗು ಬಂದಿರಬಹುದು. ಆದರೆ ಇದೂ ಪಗಾರದ ಮಾತೇ. ಕಲ್ಯಾಣ ಪೂರ್ವದಲ್ಲಿರುವ ನಮ್ಮ ಸದಸ್ಯರೊಬ್ಬರು, ಕ್ಯಾಂಟೀನಿನಲ್ಲಿ ದಿನವಿಡೀ ಒಲೆಯ ಮುಂದೆ ನಿಲ್ಲುವವರು, ಒಂದೇ ವರ್ಷದಲ್ಲಿ ಮೂರು ಸಲ ತಮ್ಮ ಫ್ರಿಜ್ಜಿಗೆ ಗ್ಯಾಸ್ ತುಂಬಿಸಿದರು. ಕೊಟ್ಟ ಹಣವನ್ನೆಲ್ಲ ಕೂಡಿಸಿದರೆ ಅರ್ಧ ತಿಂಗಳ ದುಡಿಮೆ. ನಾಲ್ಕನೆಯ ಸಲ ನಮ್ಮ ಹತ್ತಿರ ಬಂದು, "ಅಣ್ಣ, ಈ ಪೆಟ್ಟಿಗೆ ಎಷ್ಟು ಗ್ಯಾಸ್ ತಿನ್ನುತ್ತದೆ?" ಎಂದು ಕೇಳಿದರು. ಆ ಪ್ರಶ್ನೆಯೇ ಈ ಭಾಷಣಕ್ಕೆ ಕಾರಣ.

ನಾವು ಹೋಟೆಲಿನಲ್ಲಿ ತಟ್ಟೆ ಎತ್ತುತ್ತ, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಈ ರಿಪೇರಿಯ ಕಸುಬು ಕಲಿತವರು. ದೊಡ್ಡ ಪಂಡಿತರೇನೂ ಅಲ್ಲ. ಕಂಡದ್ದನ್ನು ಹೇಳುತ್ತೇವೆ.

ಮೊದಲು ಆ ಪ್ರಶ್ನೆಗೆ ಉತ್ತರ. ಫ್ರಿಜ್ಜು ಗ್ಯಾಸ್ ತಿನ್ನುವುದೇ ಇಲ್ಲ. ಅಡಿಗೆಯ ಸಿಲಿಂಡರಿನ ಗ್ಯಾಸು ಉರಿದು ಮುಗಿಯುತ್ತದೆ. ಫ್ರಿಜ್ಜಿನ ಗ್ಯಾಸು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಊರಿನಲ್ಲಿ ಮಣ್ಣಿನ ಹೂಜಿಯ ನೀರು ಹೇಗೆ ತಂಪಾಗುತ್ತದೆ? ಹೊರಮೈಗೆ ಒಸರಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಇಲ್ಲಿಯೂ ಹಾಗೆಯೇ. ಐಸಿನ ಖಾನೆಯ ಕೊಳವೆಗಳಲ್ಲಿ ದ್ರವವು ಆವಿಯಾಗಿ ಒಳಗಿನ ಬಿಸಿಯನ್ನು ಹೀರುತ್ತದೆ. ಕೆಳಗಿರುವ ಕಂಪ್ರೆಸರು ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗಳಿಗೆ ದೂಡುತ್ತದೆ. ಅಲ್ಲಿ ಬಿಸಿ ಬಿಟ್ಟು ಅದು ಮತ್ತೆ ದ್ರವವಾಗಿ ಒಳಕ್ಕೆ ಬರುತ್ತದೆ. ಎಂದರೆ, ಫ್ರಿಜ್ಜು ತಂಪನ್ನು ಹುಟ್ಟಿಸುವ ಯಂತ್ರವಲ್ಲ, ಒಳಗಿನ ಬಿಸಿಯನ್ನು ಹೊರಗೆ ಹಾಕುವ ಯಂತ್ರ. ಇದೊಂದು ಮಾತು ನೆನಪಿದ್ದರೆ ಅರ್ಧ ರಿಪೇರಿ ಕಲಿತಂತೆ.

ಆದುದರಿಂದ "ಗ್ಯಾಸ್ ಮುಗಿದಿದೆ" ಎಂದು ಯಾರಾದರೂ ಹೇಳಿದರೆ, "ಎಲ್ಲಿ ಸೋರಿತು, ತೋರಿಸಿ" ಎಂದು ಕೇಳಿರಿ. ಸೋರದೆ ಗ್ಯಾಸು ಕಡಿಮೆಯಾಗದು. ಪ್ರಾಮಾಣಿಕ ಮಿಸ್ತ್ರಿಯು ಮೊದಲು ಸೋರುವ ಜಾಗವನ್ನು ಹುಡುಕಿ ಬೆಸೆಯುತ್ತಾನೆ, ಫಿಲ್ಟರನ್ನು ಬದಲಿಸುತ್ತಾನೆ, ಪಂಪು ಹಚ್ಚಿ ಕೊಳವೆಯೊಳಗಿನ ಗಾಳಿ, ತೇವ ಎಲ್ಲವನ್ನೂ ಎಳೆದು ತೆಗೆಯುತ್ತಾನೆ, ಕೊನೆಗೆ ತೂಕ ನೋಡಿ ಗ್ಯಾಸ್ ತುಂಬುತ್ತಾನೆ. ಹತ್ತು ನಿಮಿಷದಲ್ಲಿ ಬುಸ್ ಎನ್ನಿಸಿ ಹಣ ಪಡೆದು ಹೋದವನು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಯಾವ ಗ್ಯಾಸು ಎಂಬುದೂ ಮುಖ್ಯ. 1958ರಲ್ಲಿ ಗೋದ್ರೆಜ್ ಕಂಪನಿಯು ನಮ್ಮ ದೇಶದಲ್ಲಿ ರೆಫ್ರಿಜರೇಟರು ತಯಾರಿಸಲು ಆರಂಭಿಸಿದ ಕಾಲದಿಂದ ಬಹಳ ವರ್ಷ ಆರ್-12 ಎಂಬ ಗ್ಯಾಸು ನಡೆಯುತ್ತಿತ್ತು. ಅದು ಆಕಾಶದ ಓಜೋನ್ ಪದರವನ್ನು ಕೆಡಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತೆಲ್ಲ ಅದನ್ನು ಕೈಬಿಟ್ಟಿತು. ಅದರ ಬದಲು ಆರ್-134ಎ ಬಂತು. ಈಗಿನ ಮನೆಯ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಆರ್-600ಎ ಇರುತ್ತದೆ. ಈ ಕೊನೆಯದು ಅಡಿಗೆ ಗ್ಯಾಸಿನ ಸಂಬಂಧಿಕನೇ, ಬೆಂಕಿ ತಾಗಿದರೆ ಹತ್ತಿಕೊಳ್ಳುತ್ತದೆ. ಮನೆಯ ಫ್ರಿಜ್ಜಿನಲ್ಲಿ ಅದು ಇರುವುದು ಸಾಮಾನ್ಯವಾಗಿ 100 ಗ್ರಾಮಿಗಿಂತ ಕಡಿಮೆ, ಹೆದರಬೇಕಾಗಿಲ್ಲ. ಆದರೆ ಕೊಳವೆಗೆ ಪೆಟ್ಟಾಗಿ ಬುಸ್ಸೆಂದು ಸದ್ದು ಬಂದರೆ ಒಲೆಯನ್ನು ಆರಿಸಿ, ಕಿಟಕಿ ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಯಾವ ಗ್ಯಾಸು, ಎಷ್ಟು ಗ್ರಾಂ ಎಂದು ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದದೆ ಕೊಳವೆ ಕತ್ತರಿಸಲು ಹೊರಟವನಿಗೆ ಚಹ ಕೊಟ್ಟು ಕಳುಹಿಸಿಬಿಡಿ.

ಇನ್ನು ಸಾಗಣೆಯ ವಿಚಾರ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಪರಳ ಲಾಲ್‌ಬಾಗಿನ ಖೋಲಿ ಬಿಟ್ಟು ಇತ್ತ ಡೊಂಬಿವಲಿ, ಕಲ್ಯಾಣಗಳಿಗೆ ಬಂದ ಹಿರಿಯರು ಈ ಸಭೆಯಲ್ಲಿದ್ದಾರೆ. ಅವರು ಬಂದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಡನೆ. ಈಗ 11 ತಿಂಗಳ ಕರಾರು ಮುಗಿದೊಡನೆ ಕಳವೆಯಿಂದ ದಿವೆಗೆ, ಠಾಕುರ್ಲಿಯಿಂದ ಕೋಪರ್‌ಖೈರಣೆಗೆ ಬಿಡಾರ ಎತ್ತುವ ತರುಣರ ಸಾಮಾನಿನಲ್ಲಿ ಎಲ್ಲಕ್ಕಿಂತ ಬೆಲೆಯ ವಸ್ತು ಫ್ರಿಜ್ಜು. ಅದು ಕೆಡುವುದು ಹೆಚ್ಚಾಗಿ ಆ ಒಂದು ದಿನವೇ.

ಹಿಂದಿನ ರಾತ್ರಿ ಪ್ಲಗ್ ತೆಗೆದು, ಐಸ್ ಕರಗಿಸಿ, ಒಳಗೆ ಒಣಬಟ್ಟೆಯಲ್ಲಿ ಒರೆಸಿ. ಗಾಜಿನ ಹಲಗೆ, ಬುಟ್ಟಿಗಳನ್ನು ಹೊರಗೆ ತೆಗೆದು ಹಳೆಯ ಸೀರೆಯಲ್ಲಿ ಸುತ್ತಿರಿ. ಬಾಗಿಲನ್ನು ಹಗ್ಗದಿಂದ ಕಟ್ಟಿರಿ. ಎತ್ತುವವರು ಬಾಗಿಲ ಹಿಡಿಯನ್ನಾಗಲಿ ಹಿಂದಿನ ಜಾಲರಿಯನ್ನಾಗಲಿ ಹಿಡಿಯಕೂಡದು, ಅಡಿಯನ್ನೇ ಹಿಡಿಯಬೇಕು. ಲಿಫ್ಟ್ ಇಲ್ಲದ ಮಾಳಿಗೆಯಾದರೆ ಇಬ್ಬರು ಸಾಲದು, ಮೂವರು ಬೇಕು. ಮೆಟ್ಟಿಲ ತಿರುವಿನ ಅಗಲವನ್ನು ಮೊದಲೇ ಅಳೆದುಕೊಳ್ಳಿ.

ಟೆಂಪೋದವನು "ಮಲಗಿಸಿದರೆ ಏನಾಯಿತು? ಜಾಗ ಉಳಿಯುತ್ತದೆ" ಎನ್ನುತ್ತಾನೆ. ಒಪ್ಪಬೇಡಿ. ಕಂಪ್ರೆಸರಿನ ಹೊಟ್ಟೆಯಲ್ಲಿ ಎಣ್ಣೆ ಇದೆ. ಮಲಗಿಸಿದರೆ ಅದು ಹರಿದು ಕೊಳವೆಗಳಿಗೆ ನುಗ್ಗುತ್ತದೆ. ಹೊಸ ಮನೆ ತಲುಪಿದೊಡನೆ ಸ್ವಿಚ್ ಹಾಕಿದರೆ ಎಣ್ಣೆಯಿಲ್ಲದೆ ಯಂತ್ರ ಓಡಿ ಹಾಳಾಗುತ್ತದೆ. ನಿಲ್ಲಿಸಿಯೇ ಸಾಗಿಸಿ, ಅಲುಗದಂತೆ ಕಟ್ಟಿರಿ. ನಿರ್ವಾಹವಿಲ್ಲದೆ ಮಲಗಿಸಿದ್ದರೆ, ಇಳಿಸಿ ನಿಲ್ಲಿಸಿದ ಮೇಲೆ ಒಂದು ರಾತ್ರಿ ಕಾಯಿರಿ. ನಿಲ್ಲಿಸಿಯೇ ತಂದಿದ್ದರೂ ಎರಡು ಮೂರು ಗಂಟೆ ಬಿಟ್ಟು ಸ್ವಿಚ್ ಹಾಕುವುದು ಲೇಸು.

ಇಡುವ ಜಾಗ ಯಾವುದು? ಒಲೆಯ ಪಕ್ಕ ಬೇಡ, ಬಿಸಿಲು ಬೀಳುವಲ್ಲಿ ಬೇಡ. ಗೋಡೆಗೆ ಅಂಟಿಸದೆ ಹಿಂದೆ ನಾಲ್ಕು ಬೆರಳಿಗೂ ಹೆಚ್ಚು ಜಾಗ ಬಿಡಿ. ಹೊರಗೆ ಹಾಕಿದ ಬಿಸಿ ಹೋಗಲು ದಾರಿ ಬೇಕಲ್ಲ! 10 ಅಡಿಯ ಖೋಲಿಯಲ್ಲಿ ಅಷ್ಟು ಜಾಗ ಬಿಡುವುದು ಕಷ್ಟವೆಂದು ನಮಗೆ ಗೊತ್ತು. ಆದರೂ ಆ ಜಾಗದ ಬಾಡಿಗೆಯನ್ನು ಫ್ರಿಜ್ಜು ಕರೆಂಟಿನ ಬಿಲ್ಲಿನಲ್ಲಿ ತೀರಿಸುತ್ತದೆ. ವರ್ಷಕ್ಕೆರಡು ಸಲ ಪ್ಲಗ್ ತೆಗೆದು ಹಿಂದಿನ ಜಾಲರಿಯ ಧೂಳನ್ನು ಬ್ರಶ್ಶಿನಿಂದ ಕೊಡವಿರಿ. ಖಾಡಿಯ ಉಪ್ಪುಗಾಳಿ ಬೀಸುವ ಕಡೆ ಅಡಿಯ ತುಕ್ಕನ್ನೂ ನೋಡುತ್ತಿರಿ.

ಕರೆಂಟಿನ ಮಾತು ಬಂದಾಗ ನಮ್ಮ ಭಾಗದವರಿಗೆ ಹಳೆಯ ನೆನಪಿದೆ. 2005ರ ನಂತರದ ಕೆಲವು ವರ್ಷ ಮುಂಬಯಿ ನಗರದಲ್ಲಿ ದೀಪ ಉರಿಯುತ್ತಿದ್ದಾಗ ಕಲ್ಯಾಣ ಡೊಂಬಿವಲಿಗಳಲ್ಲಿ ಗಂಟೆಗಟ್ಟಲೆ ಲೋಡ್ ಶೆಡ್ಡಿಂಗ್. ಆಗ ಕೆಟ್ಟ ಕಂಪ್ರೆಸರುಗಳಿಗೆ ಲೆಕ್ಕವಿಲ್ಲ. ಕರೆಂಟು ಹೋದಾಗ ಕೊಳವೆಯ ಒಂದು ಕಡೆ ಒತ್ತಡ ತುಂಬಿರುತ್ತದೆ. ಅದು ಸಮವಾಗಲು ಐದು ನಿಮಿಷ ಬೇಕು. ಅದಕ್ಕೆ ಮೊದಲೇ ಕರೆಂಟು ಬಂದರೆ ಮೋಟಾರು ತಿರುಗಲಾರದೆ ಬಿಸಿಯಾಗುತ್ತದೆ. ಕರೆಂಟು ಹೋದೊಡನೆ ಸ್ವಿಚ್ ತೆಗೆಯಿರಿ. ಬಂದ ಐದು ನಿಮಿಷದ ಮೇಲೆ ಹಾಕಿರಿ. ತಡೆದು ಕರೆಂಟು ಕೊಡುವ ಸ್ಟೆಬಿಲೈಜರ್ ಇದ್ದರೆ ಆ ಕೆಲಸ ಅದೇ ಮಾಡುತ್ತದೆ. ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ಪದಾರ್ಥ ಕೆಡುವುದಿಲ್ಲ. ಮೂರು ಕಡ್ಡಿಯ, ಅರ್ಥಿಂಗ್ ಇರುವ ಸಾಕೆಟ್ಟು ಅದಕ್ಕೆಂದೇ ಇರಲಿ. ಬಾಗಿಲು ಮುಟ್ಟಿದಾಗ ಕೈ ಜುಮ್ಮೆಂದರೆ, ಅದೇ ಕ್ಷಣ ಮೇನ್ ಸ್ವಿಚ್ ತೆಗೆದು ವೈರಿಂಗಿನವರನ್ನು ಕರೆಯಿರಿ. ಮನೆಯಲ್ಲಿ ಮಕ್ಕಳಿದ್ದಾರೆ.

ಈಗ ಮಿಸ್ತ್ರಿಯನ್ನು ಕರೆಯುವ ಮೊದಲು ನೋಡಬೇಕಾದವು.

ಒಂದು: ದೀಪವೂ ಇಲ್ಲ, ಸದ್ದೂ ಇಲ್ಲ. ಅದೇ ಸಾಕೆಟ್ಟಿಗೆ ಬೇರೊಂದು ದೀಪ ಹಚ್ಚಿ ನೋಡಿ. ಅದೂ ಉರಿಯದಿದ್ದರೆ ತಪ್ಪು ಫ್ರಿಜ್ಜಿನದಲ್ಲ.

ಎರಡು: ದೀಪ ಇದೆ, ಯಂತ್ರ ಓಡುತ್ತಿಲ್ಲ. ಒಳಗಿನ ಗುಂಡಿ ಸೊನ್ನೆಗೆ ತಿರುಗಿದೆಯೇ, ಐಸ್ ಕರಗಿಸುವ ಬಟನ್ ಒತ್ತಿಹೋಗಿದೆಯೇ ನೋಡಿ. ಆಗಾಗ ಟಕ್ ಎಂದು ಸದ್ದಾಗಿ ನಿಂತರೆ ವೋಲ್ಟೇಜು ಕಡಿಮೆಯಿರಬಹುದು, ಇಲ್ಲವೇ ರಿಲೇ ಕೆಟ್ಟಿರಬಹುದು. ರಿಲೇ ಚಿಕ್ಕ ಭಾಗ. ಅದನ್ನು ನೋಡದೆಯೇ "ಕಂಪ್ರೆಸರು ಹೋಯಿತು" ಎಂದರೆ ನಂಬಬೇಡಿ.

ಮೂರು: ನಿಲ್ಲದೆ ಓಡುತ್ತದೆ, ತಂಪಿಲ್ಲ. ಬಾಗಿಲಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರು ಸಡಿಲ. ಬೆಚ್ಚನೆಯ ಸೋಪು ನೀರಿನಲ್ಲಿ ಅದನ್ನು ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಿಸಿ ಅನ್ನ, ಬಿಸಿ ಸಾಂಬಾರು ಒಳಗಿಟ್ಟಿದ್ದೀರೋ ನೋಡಿ. ಆರಿಸಿ ಇಡಿ, ಆದರೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ತೆಂಗಿನ ಚಟ್ನಿ ಎಷ್ಟು ಬೇಗ ಹಳಸುತ್ತದೆಂದು ಹೋಟೆಲಿನವರಿಗೆ ಹೇಳಬೇಕೇ?

ನಾಲ್ಕು: ಐಸು ಗೋಡೆಯಂತೆ ಬೆಳೆದಿದೆ. ಅರ್ಧ ಬೆರಳು ದಪ್ಪವಾಗುವ ಮೊದಲೇ ಕರಗಿಸಿರಿ. ಕೆತ್ತಬೇಡಿ! ಹುಡುಗತನದಲ್ಲಿ ಹೋಟೆಲಿನ ಫ್ರಿಜ್ಜಿನ ಐಸನ್ನು ನಾವು ದೋಸೆಯ ಸಟ್ಟುಗದಿಂದ ಕೆತ್ತಿದೆವು. ಕೊಳವೆ ತೂತಾಯಿತು, ಮೂರು ತಿಂಗಳು ಪಗಾರದಲ್ಲಿ ಮುರಿದುಕೊಂಡರು. ಈ ಕಸುಬಿನ ಮೊದಲ ಪಾಠ ನಮಗೆ ಆದದ್ದು ಹಾಗೆ.

ಐದು: ನೆಲದಲ್ಲಿ ನೀರು. ಒಳಗೆ ಹಿಂಬದಿಯ ಚಿಕ್ಕ ತೂತಿನಲ್ಲಿ ಕಸ ಕಟ್ಟಿದೆ; ಬೆಚ್ಚನೆಯ ನೀರು ಬಿಟ್ಟು ಬಿಡಿಸಿರಿ. ಹಿಂದುಗಡೆಯ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿರಿ. ಡೆಂಗ್ಯು ತರುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನಲ್ಲಿಯೇ. ಮನೆಯ ಹೊರಗಿನ ಗಟಾರವನ್ನು ಬೈಯುವ ಮೊದಲು ಈ ತಟ್ಟೆಯನ್ನು ನೋಡಿರಿ.

ಮಳೆಗಾಲದ ಬಗ್ಗೆ ಒಂದು ಮಾತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಕಲ್ಯಾಣ, ಬದಲಾಪುರದ ಕಡೆ ಉಲ್ಲಾಸ ನದಿಯ ನೀರು ಮನೆಮನೆಗೆ ನುಗ್ಗಿತು. ತಗ್ಗಿನಲ್ಲಿರುವವರು ಫ್ರಿಜ್ಜನ್ನು ಎತ್ತರದ ಗಟ್ಟಿ ಸ್ಟ್ಯಾಂಡಿನ ಮೇಲೆ ಇಡುವುದು ಒಳ್ಳೆಯದು. ನೀರು ಹೊಕ್ಕ ಫ್ರಿಜ್ಜನ್ನು ಒಣಗಿತೆಂದು ನೀವೇ ಸ್ವಿಚ್ ಹಾಕಬೇಡಿ, ಪರೀಕ್ಷೆ ಮಾಡಿಸಿರಿ. ಪೆಟ್ಟಿಗೆ ಹೋದರೆ ಇನ್ನೊಂದು ಬಂದೀತು.

ಕೊನೆಯದಾಗಿ, ಬಿಲ್ಲು. ರಿಪೇರಿಗೆ ಕೊಟ್ಟ ಪ್ರತಿ ಹಣಕ್ಕೂ ಬಿಲ್ಲು ಕೇಳಿರಿ. ಏನು ಬದಲಿಸಿದರು, ಎಷ್ಟು ದಿನದ ಭರವಸೆ ಎಂದು ಬರೆಸಿರಿ. ತೆಗೆದ ಹಳೆಯ ಭಾಗವನ್ನೂ ಕೇಳಿ ಪಡೆಯಿರಿ. ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಆದರೆ ಕೈಯಲ್ಲಿ ಚೀಟಿಯಿಲ್ಲದವನ ಮಾತನ್ನು ಯಾರು ಕೇಳುತ್ತಾರೆ?

ಕಲ್ಯಾಣದ ಆ ಸದಸ್ಯರ ಫ್ರಿಜ್ಜಿನ ಕಥೆ ಏನಾಯಿತೆಂದು ತಾವು ಕೇಳಬಹುದು. ಸೋರಿಕೆ ಇದ್ದದ್ದು ಮೊದಲ ಸಲ ಗ್ಯಾಸ್ ತುಂಬಿದವನು ಬೆಸೆದ ಜಾಗದಲ್ಲಿಯೇ! ಸೋಪಿನ ನೊರೆ ಹಚ್ಚಿದೊಡನೆ ಗುಳ್ಳೆ ಎದ್ದಿತು. ಬೆಸೆದು, ಗಾಳಿ ಎಳೆದು, ತೂಕ ಹಾಕಿ ತುಂಬಿದೆವು. ಅದಾಗಿ ಎರಡು ಬೇಸಗೆ ಕಳೆದವು, ಇನ್ನೂ ನಡೆಯುತ್ತಿದೆ. ಅವರು ಈ ದಿನ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ; ಬೇಕಾದವರು ಸಭೆ ಮುಗಿದ ಮೇಲೆ ಅವರನ್ನೇ ಕೇಳಿರಿ.

ನಮ್ಮವರು ಊರು ಬಿಟ್ಟು ಬಂದು, ಬೇರೆಯವರ ಹಸಿವು ತಣಿಸಿ, ಮಧ್ಯರಾತ್ರಿಯ ಲೋಕಲಿನಲ್ಲಿ ಮನೆಗೆ ಬರುತ್ತಾರೆ. ಆಗ ತೆಗೆದು ಕುಡಿಯುವ ಒಂದು ಲೋಟ ತಣ್ಣನೆಯ ಮಜ್ಜಿಗೆ ಸ್ವಂತ ದುಡಿಮೆಯದು. ಅದನ್ನು ಅಜ್ಞಾನದಿಂದ ಕಳೆದುಕೊಳ್ಳುವುದು ಬೇಡ ಎಂದಷ್ಟೇ ನಮ್ಮ ಅರಿಕೆ.