ಅಂಬಾನಿ ಮಕ್ಕಳು ಇಬ್ಬರಲ್ಲ, ನಾಲ್ವರು

ಅಂಬಾನಿ ಅಣ್ಣ-ತಮ್ಮಂದಿರ ಪಾಲಿನ ಬಗ್ಗೆ ಮಾತಾಡ್ತೀನಿ ಅಂತ ಕಳೆದ ವಾರ ಹೇಳಿದ್ದೆ. ವಿಷಯ ಅದೇ. ಆದ್ರೆ ಓದ್ತಾ ಓದ್ತಾ ಅದು ನಮ್ಮ ಮನೆಗೇ ಬಂದುಬಿಡ್ತು.

ಅವರ ಕಥೆ ನಿಮಗೆ ಗೊತ್ತಿರೋದೇ. 2002ರ ಜುಲೈನಲ್ಲಿ ಧೀರೂಭಾಯಿ ತೀರಿಕೊಂಡರು, ಉಯಿಲು ಬರೆದಿರಲಿಲ್ಲ. ಮುಖೇಶ್, ಅನಿಲ್ ಜಗಳ ಬೀದಿಗೆ ಬಂತು. 2005ರ ಜೂನ್‌ನಲ್ಲಿ ತಾಯಿ ಕೋಕಿಲಾಬೆನ್ ಮುಂದೆ ನಿಂತು ಪಾಲು ಮಾಡಿಸಿದರು. ತೈಲ, ಪೆಟ್ರೋಕೆಮಿಕಲ್ಸ್ ಅಣ್ಣನಿಗೆ. ಟೆಲಿಕಾಂ, ವಿದ್ಯುತ್, ಹಣಕಾಸು ತಮ್ಮನಿಗೆ. ಅಲ್ಲಿಗೂ ಮುಗಿಯಲಿಲ್ಲ, ಗ್ಯಾಸ್ ದರದ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2010ರಲ್ಲಿ ಅಣ್ಣನ ಕಡೆಯೇ ತೀರ್ಪು ಬಂತು. 2019ರಲ್ಲಿ ಎರಿಕ್ಸನ್ ಬಾಕಿ ಕಟ್ಟದಿದ್ರೆ ತಮ್ಮನಿಗೆ ಜೈಲು ಅನ್ನೋ ಪರಿಸ್ಥಿತಿ. ಕೊನೇ ಗಳಿಗೆಯಲ್ಲಿ ದುಡ್ಡು ಕಟ್ಟಿ, ಅಣ್ಣ-ಅತ್ತಿಗೆಗೆ ಧನ್ಯವಾದ ಹೇಳಿದ್ರು.

ಬಿಕಾಂನಲ್ಲಿ ಇದರ ಮೇಲೆ ನಾನು ಸೆಮಿನಾರ್ ಕೊಟ್ಟಿದ್ದೆ. 20 ಸ್ಲೈಡ್. ಒಂದರಲ್ಲೂ ನೀನಾ, ದೀಪ್ತಿ ಅನ್ನೋ ಹೆಸರಿರಲಿಲ್ಲ. ಅವರೂ ಧೀರೂಭಾಯಿ ಮಕ್ಕಳೇ. ಅವರ ಮನೆಯೊಳಗೆ ಏನು ಮಾತಾಯ್ತೋ ಅದು ಅವರಿಗೆ ಬಿಟ್ಟಿದ್ದು. ನನ್ನ ಪ್ರಶ್ನೆ ಬೇರೆ: 'ಇಬ್ಬರ ಪಾಲು' ಅಂತ ಓದುವಾಗ ನನಗ್ಯಾಕೆ ಏನೂ ಅನ್ನಿಸಲಿಲ್ಲ?

ಯಾಕಂದ್ರೆ ನಮ್ಮನೇಲೂ ಹಾಗೇ ಆಗಿದ್ದು. ದಾವಣಗೆರೆಯಲ್ಲಿ ಅಪ್ಪಂದು ಮಂಡಿ ವ್ಯಾಪಾರ, ಒಂದು ಕಾಂಪ್ಲೆಕ್ಸ್, ಎರಡು ಸೈಟು. ಎಲ್ಲಾ ಸ್ವಂತ ದುಡಿಮೆ. ಅಪ್ಪನೂ ಉಯಿಲು ಬರೆದಿರಲಿಲ್ಲ. ಅಂಥ ಆಸ್ತಿಯಲ್ಲಿ ಹೆಂಡತಿಗೆ, ಮಗನಿಗೆ, ಮಗಳಿಗೆ ಸಮಪಾಲು ಅಂತ 1956ರ ಕಾಯ್ದೆನೇ ಹೇಳುತ್ತೆ. ಅಂದ್ರೆ ಅಮ್ಮ, ಅಕ್ಕ, ನಾನು, ಮೂರು ಪಾಲು. ವರ್ಷದ ಕಾರ್ಯ ಮುಗಿದ ಮಾರನೇ ವಾರ ಅಕ್ಕ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿದಳು. ಹೆಬ್ಬೆಟ್ಟು, ಫೋಟೋ, ಹತ್ತು ನಿಮಿಷದ ಕೆಲಸ. ಅವಳನ್ನ ಯಾರೂ ಬಲವಂತ ಮಾಡಲಿಲ್ಲ. ಕೇಳಲೂ ಇಲ್ಲ. ಆಮೇಲೆ ಹೋಟೆಲಲ್ಲಿ ಬೆಣ್ಣೆ ದೋಸೆ ತಿಂದ್ವಿ, ಬಿಲ್ ಅಕ್ಕನೇ ಕೊಟ್ಟಳು.

ಹೆಣ್ಣುಮಕ್ಕಳು ಸಹಿ ಹಾಕೋದು ತವರಿನ ಬಾಗಿಲು ತೆರೆದಿರಲಿ ಅಂತ. ಆದ್ರೆ ಅಕ್ಕ ಪಂಚಮಿಗೆ ಬರೋದೇ ನಿಲ್ಲಿಸಿದ್ದಾಳೆ. ಮಕ್ಕಳ ಪರೀಕ್ಷೆ, ಭಾವನಿಗೆ ರಜೆ ಇಲ್ಲ, ಹೀಗೆ ಏನೋ ಒಂದು ಕಾರಣ. ನಾನು ಮಾತ್ರ ಕೆಲಸ ಬಿಟ್ಟು ಧೈರ್ಯವಾಗಿ ಪಾಡ್‌ಕಾಸ್ಟ್ ಶುರು ಮಾಡಿದೆ. 'ರಿಸ್ಕ್ ತಗೊಳ್ರಿ' ಅಂತ ನಿಮಗೆಲ್ಲ ಉಪದೇಶ ಬೇರೆ! ಆ ರಿಸ್ಕಿಗೆ ತಿಂಗಳಾ ತಿಂಗಳಾ ಕಾಂಪ್ಲೆಕ್ಸ್ ಬಾಡಿಗೆ ಬರ್ತಿತ್ತು. ಈ ಮೈಕೂ ಅದರದ್ದೇ.

ಅವಳ ಪಾಲು ವಾಪಸ್ ಕೊಡೋಕೆ ದಾರಿ ಇದೆ, ದಾನಪತ್ರ ಮಾಡಿಸಬಹುದು. ವಕೀಲರ ಹತ್ರ ವಿಚಾರಿಸಿ ಎಂಟು ತಿಂಗಳಾಯ್ತು. ಇನ್ನೂ ಮಾಡಿಸಿಲ್ಲ.

ಈ ಎಪಿಸೋಡ್ ಅಕ್ಕನಿಗೆ ಮೊದಲೇ ಕಳಿಸಿದ್ದೆ. "ಹಾಕ್ಕೋ. ಅಮ್ಮಂಗೆ ಮಾತ್ರ ಕೇಳಿಸ್ಬೇಡ" ಅಂತ ಮೆಸೇಜ್ ಮಾಡಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬಂತು: "ದೋಸೆ ಬಿಲ್ ಇನ್ನೂ ನೆನಪಿದೆಯಾ ನಿಂಗೆ?"